ಗಡಿನಾಡಿನ ವಿದ್ಯಾರ್ಥಿ: ಅಂದು, ಇಂದು

ಕಳೆದ ಚಳಿಗಾಲದಲ್ಲಿ ಚಿಕ್ಕೋಡಿ ಸೀಮೆಯ ಒಂದು ಕಾಲೇಜಿನಿಂದ ನನಗೆ ಕರೆ ಬಂದಿತು. ವಿದ್ಯಾರ್ಥಿಗಳಿಗೆ ನಾಲ್ಕು ಹಿತವಚನ ಹೇಳಬೇಕೆಂದು ಅಲ್ಲಿಯವರ ಅಪೇಕ್ಷೆ. ಮುದಿ ಮಾಸ್ತರನಲ್ಲಿ ಹಿತವಚನಕ್ಕೆ ಎಂದೂ ಬರಗಾಲವಿಲ್ಲ. ಕೇಳುವ ಕಿವಿಗಳಿಗೆ ಮಾತ್ರ ಬರಗಾಲ. ಮೂವತ್ತೆರಡು ವರ್ಷ ಅರ್ಥಶಾಸ್ತ್ರದ ಪಾಠ ಹೇಳಿದ ನನಗೆ ಇಷ್ಟಾದರೂ ತಿಳಿದಿದೆ. ಆದ್ದರಿಂದ ಭಾಷಣಕ್ಕೆ ಬದಲಾಗಿ ಒಂದು ಬೇಡಿಕೆ ಇಟ್ಟೆ. “ನೀವೇ ಬರೆಯಿರಿ. ಕಾಲೇಜಿಗೆ ಹೇಗೆ ಬರುತ್ತೀರಿ, ಕ್ಲಾಸಿನಲ್ಲಿ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ. ಒಂದೇ ಪುಟ ಸಾಕು. ಹೆಸರು ಹಾಕಬೇಡಿರಿ” ಎಂದೆ.

ನಲವತ್ತೊಂದು ಕಾಗದಗಳು ಬಂದವು. ಮನೆಗೆ ತಂದು ರಾತ್ರಿಯೆಲ್ಲ ಓದಿದೆ. ಅಕ್ಷರ ಬೇರೆ, ಊರು ಬೇರೆ, ಮನೆತನ ಬೇರೆ. ಆದರೆ ಅರ್ಧಕ್ಕಿಂತ ಹೆಚ್ಚು ಕಾಗದಗಳಲ್ಲಿ ಒಂದೇ ಮಾತು ವೇಷ ಬದಲಿಸಿಕೊಂಡು ಬಂದಿದ್ದಿತು: “ತಿಳಿಯಲಿಲ್ಲ, ಆದರೆ ಕೇಳಲಿಲ್ಲ.” ಈ ಮಾತು ನನಗೆ ಹೊಸದಲ್ಲ. ಐವತ್ತು ವರ್ಷಗಳ ಹಿಂದೆ ನಾನೇ ಒಂದು ಪುಟ ಬರೆದಿದ್ದರೆ ಬರೆಯುತ್ತಿದ್ದುದು ಇದನ್ನೇ. ಹಾಗಾದರೆ ಈ ಐವತ್ತು ವರ್ಷ, ಅದರ ಹಿಂದಿನ ನೂರು ವರ್ಷ, ಏನು ಬದಲಾಯಿತು, ಏನು ಬದಲಾಗಲಿಲ್ಲ? ಆ ಲೆಕ್ಕವನ್ನು ವಾಚಕರ ಮುಂದೆ ಇಡಬೇಕೆಂದು ಈ ಬರಹ.

ಈ ಸೀಮೆಯ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನ ಊರುಗಳು. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು. ಕಬ್ಬು, ಜೋಳ, ತಂಬಾಕಿನ ನೆಲ. ನಿಪ್ಪಾಣಿಯವರಿಗೆ ಜಿಲ್ಲೆಯ ಪೇಟೆಗಿಂತ ಕೊಲ್ಲಾಪುರ ಹತ್ತಿರ. ಕಾಗವಾಡದಿಂದ ಮಿರಜಕ್ಕೆ ಮೂರು ಹರದಾರಿ. ಇಲ್ಲಿಯ ಸಂತೆಯಲ್ಲಿ ಒಬ್ಬನು ಕನ್ನಡದಲ್ಲಿ ಬೆಲೆ ಕೇಳಿದರೆ ಇನ್ನೊಬ್ಬನು ಮರಾಠಿಯಲ್ಲಿ ಹೇಳುತ್ತಾನೆ, ವ್ಯಾಪಾರ ಕುದುರುತ್ತದೆ. ಜಗಳವೂ ಹಾಗೆಯೇ ಆಗುತ್ತದೆ, ರಾಜಿಯೂ ಹಾಗೆಯೇ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಇಲ್ಲಿ ಕನ್ನಡವು ಒಲೆಯ ಮುಂದಿನ ಮಾತಾಗಿದ್ದಿತು. ಕಾಗದ ಪತ್ರದ ಮಾತು ಮರಾಠಿ. ಕನ್ನಡ ಮನೆಯ ಮಕ್ಕಳೂ ಮರಾಠಿ ಶಾಲೆಯಲ್ಲಿ ಅಕ್ಷರ ತಿದ್ದುತ್ತಿದ್ದರು. ಈ ಸ್ಥಿತಿಯನ್ನು ಬದಲಿಸಲು ದುಡಿದ ದೊಡ್ಡವರೆಂದರೆ ಡೆಪ್ಯುಟಿ ಚನ್ನಬಸಪ್ಪನವರು. ಮುಂಬಯಿ ಸರಕಾರದ ವಿದ್ಯಾಖಾತೆಯಲ್ಲಿದ್ದು ಅವರು ಬೆಳಗಾವಿ, ಧಾರವಾಡ ಕಡೆಗಳಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು, ಅವುಗಳಿಗೆ ಶಿಕ್ಷಕರನ್ನು ಸಿದ್ಧಗೊಳಿಸಿದರು. ೧೮೮೧ರಲ್ಲಿ ಅವರು ತೀರಿಕೊಂಡರು. ಅದರ ಹಿಂದಿನ ವರ್ಷ, ೧೮೮೦ರಲ್ಲಿ, ಕೊಲ್ಲಾಪುರದಲ್ಲಿ ರಾಜಾರಾಮ ಕಾಲೇಜು ಹುಟ್ಟಿದ್ದಿತು. ಕನ್ನಡ ಶಾಲೆಯ ಕಟ್ಟೆಯಿಂದ ಎದ್ದ ಹುಡುಗನು ಮುಂದೆ ಹತ್ತಬೇಕಾದ ಮೆಟ್ಟಿಲು ಹೀಗೆ ಮರಾಠಿ ರಾಜಧಾನಿಯಲ್ಲಿ ಸಿದ್ಧವಾಗಿ ನಿಂತಿದ್ದಿತು.

ನಮ್ಮ ರಾಯಬಾಗಕ್ಕೆ ಕೊಲ್ಲಾಪುರ ಪರಸ್ಥಳವೇ ಅಲ್ಲ. ಚಿಕ್ಕೋಡಿ, ಅಥಣಿಗಳು ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದರೆ ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದು. ನಮ್ಮ ಅಜ್ಜನಿಗೆ ಸರಕಾರವೆಂದರೆ ಕೊಲ್ಲಾಪುರದ ಮಹಾರಾಜರು. ೧೯೪೯ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; ೧೯೫೬ರಲ್ಲಿ ಮೈಸೂರು ರಾಜ್ಯ ಬಂದಿತು; ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂದು ಹೆಸರಾಯಿತು. ಅಜ್ಜ ಮಾತ್ರ ಅದೇ ಮನೆಯಲ್ಲಿ, ಅದೇ ಕಂಬಕ್ಕೆ ಒರಗಿ ಕುಳಿತಿದ್ದ. “ನಾ ಎಲ್ಲೂ ಹೋಗಲಿಲ್ಲೋ ತಮ್ಮಾ, ಸರಕಾರಗೋಳss ನಮ್ಮನಿ ಮುಂದ ಹಾದು ಹೋದವು” ಎನ್ನುತ್ತಿದ್ದ.

ನನ್ನ ದೊಡ್ಡಪ್ಪ ರಾಜಾರಾಮ ಕಾಲೇಜಿನಲ್ಲಿ ಓದಿದ್ದು ೧೯೪೦ರ ದಶಕದಲ್ಲಿ. ರಾಯಬಾಗದಲ್ಲಿ ರೈಲು ಹತ್ತಿ, ಕುಡಚಿ ದಾಟಿ, ಕೃಷ್ಣೆಯ ಸೇತುವೆಯ ಮೇಲೆ ಕಿಡಕಿಯಿಂದ ಒಂದು ದುಡ್ಡನ್ನು ನೀರಿಗೆ ಎಸೆದು, ಉಗಾರ, ಶೇಡಬಾಳಗಳ ಮೇಲಿಂದ ಮಿರಜಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಕೊಲ್ಲಾಪುರ ಮುಟ್ಟುವುದು. ಚೀಲದಲ್ಲಿ ಹದಿನೈದು ದಿನಕ್ಕೆ ಸಾಲುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ. ಅವರ ಒಂದು ನೋಟುಬುಕ್ಕು ಇಂದಿಗೂ ನಮ್ಮಲ್ಲಿದೆ. ಪಾಠದ ಟಿಪ್ಪಣಿ ಇಂಗ್ಲಿಷಿನಲ್ಲಿ, ಅಂಚಿನಲ್ಲಿ ಅರ್ಥ ಕನ್ನಡದಲ್ಲಿ, ಹಿಂದಿನ ಪುಟದಲ್ಲಿ ಖಾನಾವಳಿಯ ಲೆಕ್ಕ ಮರಾಠಿಯಲ್ಲಿ. ಈ ಸೀಮೆಯ ವಿದ್ಯಾರ್ಥಿಯ ತಲೆಯೊಳಗೆ ಏನು ನಡೆಯುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂದು ದಾರಿಗಳು ನಾಲ್ಕಿದ್ದವು. ಕೊಲ್ಲಾಪುರ ಒಂದು. ೧೯೧೯ರಲ್ಲಿ ಆರಂಭವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜು ಎರಡನೆಯದು. ೧೯೧೭ರಲ್ಲಿ ತೆರೆದ ಧಾರವಾಡದ ಕರ್ನಾಟಕ ಕಾಲೇಜು ಮೂರನೆಯದು. ೧೯೧೬ರಲ್ಲಿ ಸ್ಥಾಪನೆಯಾದ ಕೆ.ಎಲ್.ಇ. ಸಂಸ್ಥೆಯು ೧೯೩೩ರಲ್ಲಿ ಬೆಳಗಾವಿಯಲ್ಲಿ ನಡೆಸತೊಡಗಿದ ಲಿಂಗರಾಜ ಕಾಲೇಜು ನಾಲ್ಕನೆಯದು. ಯಾವ ದಾರಿ ಹಿಡಿದರೂ ಕೊನೆಗೆ ಮುಟ್ಟುವುದು ಒಂದೇ ಕಡೆ: ೧೮೫೭ರ ಮುಂಬಯಿ ವಿಶ್ವವಿದ್ಯಾಲಯ. ಅದೇ ಪಠ್ಯ, ಅದೇ ಪರೀಕ್ಷೆ, ಅದೇ ಇಂಗ್ಲಿಷು. ಆದ್ದರಿಂದ ಹುಡುಗನ ಭವಿಷ್ಯವನ್ನು ನಿರ್ಧರಿಸುತ್ತಿದ್ದುದು ಭಾಷೆಯ ಅಭಿಮಾನವಲ್ಲ; ಪುಕ್ಕಟೆ ಊಟ, ಇಲ್ಲವೆ ಅಗ್ಗದ ಕೋಣೆ ಯಾವ ಊರಿನಲ್ಲಿ ಸಿಕ್ಕಿತೆಂಬುದು.

ಇನ್ನು ಆ ಊರುಗಳಲ್ಲಿ ಕಲಿಸುತ್ತಿದ್ದವರು ಯಾರು? ಇದನ್ನು ನೆನೆದರೆ ನನಗೆ ಇಂದಿಗೂ ಸೋಜಿಗವಾಗುತ್ತದೆ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದವರು ಕೆ.ಜಿ. ಕುಂದಣಗಾರರು. ಉತ್ತರ ಕರ್ನಾಟಕದ, ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದವರು ಅವರೇ. ಸಾಂಗಲಿಯಲ್ಲಿ ಕನ್ನಡದ ಪ್ರಾಧ್ಯಾಪಕರು ರಂ.ಶ್ರೀ. ಮುಗಳಿಯವರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ೧೯೫೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡ ಸಾಹಿತ್ಯದ ಇತಿಹಾಸವನ್ನು ಬರೆದವರು ಸಾಂಗಲಿಯ ಮೇಷ್ಟರು! ಆಕ್ಸ್‌ಫರ್ಡಿನಿಂದ ಹಿಂದಿರುಗಿದ ವಿ.ಕೃ. ಗೋಕಾಕರು ಸಾಂಗಲಿಯಲ್ಲಿಯೂ ಮುಂದೆ ಕೊಲ್ಲಾಪುರದಲ್ಲಿಯೂ ಪ್ರಿನ್ಸಿಪಾಲರಾಗಿದ್ದರು.

ನಾಲ್ಕನೆಯವರು ನಮ್ಮ ಸೀಮೆಯವರೇ. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ೧೯೦೬ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು ೧೯೩೦ರಲ್ಲಿ ರಾಜಾರಾಮ ಕಾಲೇಜಿಗೆ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿದರು; ೧೯೬೨ರವರೆಗೆ ಅಲ್ಲಿಯೇ ಕಲಿಸಿದರು. ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಅವರು ಸಂಪಾದಿಸಿ ೧೯೩೫ರಲ್ಲಿ ಹೊರತಂದಾಗ ದೇಶ ವಿದೇಶಗಳ ಪಂಡಿತರು ತಿರುಗಿ ನೋಡಿದರು. ದೊಡ್ಡಪ್ಪನು ಅರ್ಧಮಾಗಧಿಯನ್ನು ಆರಿಸಿಕೊಂಡದ್ದು ಪಾಂಡಿತ್ಯದ ಆಸೆಯಿಂದಲ್ಲ. ಸಂಸ್ಕೃತಕ್ಕಿಂತ ಸುಲಭವೆಂದು ಯಾರೋ ಹೇಳಿದ್ದರಂತೆ. “ಪ್ರಾಕೃತ ನನಗ ಎಷ್ಟು ಬಂತೋ ಬಿಡು. ಆದರ ಸದಲಗಾದಾಂವ ಒಬ್ಬ ಆ ಪೀಠದ ಮ್ಯಾಲೆ ನಿಂತಾನಂದಮ್ಯಾಲೆ ರಾಯಬಾಗದಾಂವ ಬೆಂಚಿನ ಮ್ಯಾಲೆ ಕೂಡಾಕ ಯಾಕ ಅಂಜಬೇಕು ಅನಿಸ್ತು” ಎಂದು ದೊಡ್ಡಪ್ಪ ಹೇಳುತ್ತಿದ್ದ.

ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕು. ೧೯೫೮ರಿಂದ ೧೯೬೭ರವರೆಗೆ ಕನ್ನಡ ಸಾಹಿತ್ಯ ಸಮ್ಮೇಳನಗಳು ಏಳು ನಡೆದವು. ೧೯೫೮ರ ಬಳ್ಳಾರಿಗೆ ಗೋಕಾಕರು, ೧೯೬೧ರ ಗದಗಿಗೆ ಕುಂದಣಗಾರರು, ೧೯೬೩ರ ಸಿದ್ಧಗಂಗೆಗೆ ಮುಗಳಿಯವರು, ೧೯೬೭ರ ಶ್ರವಣಬೆಳಗೊಳಕ್ಕೆ ಉಪಾಧ್ಯೆಯವರು ಅಧ್ಯಕ್ಷರು. ಏಳರಲ್ಲಿ ನಾಲ್ವರು ಕೊಲ್ಲಾಪುರ, ಸಾಂಗಲಿಗಳ ತರಗತಿಗಳಲ್ಲಿ ಬೋರ್ಡಿನ ಮುಂದೆ ನಿಂತವರು. ಗಡಿಯೆಂದು ಇಂದು ನಾವು ಕರೆಯುವ ಗೆರೆಯ ಆಚೆಗೆ ಕನ್ನಡದ ಎಷ್ಟು ದೊಡ್ಡ ಮನೆಯಿದ್ದಿತೆಂಬುದಕ್ಕೆ ಇದು ಸಾಕು.

ಆದರೆ ಆ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಶಾಹೂ ಮಹಾರಾಜರು ೧೯೦೧ರಿಂದ ಕೊಲ್ಲಾಪುರದಲ್ಲಿ ಮರಾಠ, ಜೈನ, ಮುಂದೆ ಲಿಂಗಾಯತ ಮೊದಲಾದ ವಿದ್ಯಾರ್ಥಿಗಳಿಗೆ ಬೋರ್ಡಿಂಗುಗಳು ಏಳುವಂತೆ ಮಾಡದಿದ್ದರೆ ಹಳ್ಳಿಯ ಒಕ್ಕಲಿಗರ ಮಕ್ಕಳು ಅಲ್ಲಿ ಕಾಲಿಡುತ್ತಿರಲಿಲ್ಲ. ಅವರಿಗಿಂತ ಕೆಳಗೆ ತುಳಿಯಲ್ಪಟ್ಟವರ ಕಥೆ ಇನ್ನೂ ಕಠಿಣ. ೧೯೨೫ರ ಎಪ್ರಿಲಿನಲ್ಲಿ ಡಾ. ಅಂಬೇಡ್ಕರರು ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅವರ ಪ್ರಯತ್ನದಿಂದ ಧಾರವಾಡದಲ್ಲಿ ತೆರೆದ ವಿದ್ಯಾರ್ಥಿನಿಲಯವನ್ನು ನೋಡಿಕೊಂಡವರು ನಿಪ್ಪಾಣಿಯ ಬಲವಂತರಾವ್ ವರಾಳೆಯವರು. ಅವರ ಮೊಮ್ಮಗ, ನಿಪ್ಪಾಣಿಯಲ್ಲಿ ೧೯೬೨ರಲ್ಲಿ ಹುಟ್ಟಿದ ಪ್ರಸನ್ನ ವರಾಳೆಯವರು ೨೦೨೪ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಒಂದು ಹಾಸಿಗೆ, ಎರಡು ಹೊತ್ತಿನ ಊಟ, ಓದಲು ಒಂದು ದೀಪ: ಇಷ್ಟರಿಂದ ಏನಾಗಬಲ್ಲದೆಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ.

ಬಳಿಕ ಗೆರೆಗಳು ಬಿದ್ದವು. ಮೊದಲು ಬಿದ್ದದ್ದು ವಿದ್ಯೆಯ ಗೆರೆ. ೧೯೪೯ರ ಹೊತ್ತಿಗೆ ಪುಣೆಗೊಂದು, ಕರ್ನಾಟಕಕ್ಕೊಂದು ವಿಶ್ವವಿದ್ಯಾಲಯ ಬೇರೆಯಾದವು. ಕೊಲ್ಲಾಪುರ, ಸಾಂಗಲಿಗಳು ಪುಣೆಯ ಕಡೆಗೆ, ನಮ್ಮ ತಾಲೂಕುಗಳು ಧಾರವಾಡದ ಕಡೆಗೆ. ೧೯೫೬ರ ನವೆಂಬರ್ ೧ರಂದು ರಾಜ್ಯದ ಗೆರೆ ಬಿದ್ದಿತು. ೧೯೬೨ರಲ್ಲಿ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ೧೯೬೬ರಲ್ಲಿ ಮಹಾಜನ ಆಯೋಗ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ನಿಪ್ಪಾಣಿಯು ಆಚೆಗೆ ಹೋಗಬೇಕೆಂದು ಅದರಲ್ಲಿದ್ದಿತು, ಹೋಗಲಿಲ್ಲ. ಆ ವಾದ ಈಗ ಸುಪ್ರೀಂ ಕೋರ್ಟಿನಲ್ಲಿದೆ; ಅದರ ನ್ಯಾಯಾನ್ಯಾಯವನ್ನು ತೂಗುವುದು ಈ ಬರಹದ ಕೆಲಸವಲ್ಲ. ನಾನು ಹೇಳಬೇಕಾದುದು ಇಷ್ಟೇ: ಗೆರೆಯ ಎರಡೂ ಕಡೆಯ ಹುಡುಗರು ಒಂದೇ ಬೆಂಚಿನಲ್ಲಿ ಕುಳಿತಿದ್ದವರು, ಮೊದಲು ಬೆಂಚು ಇದ್ದಿತು, ಗೆರೆ ಬಂದದ್ದು ಆಮೇಲೆ.

ಬೆಂಚು ಹಟಮಾರಿ. ಅದು ಗೆರೆಯನ್ನು ಅಷ್ಟು ಬೇಗ ಒಪ್ಪುವುದಿಲ್ಲ. ೧೯೬೦ರಲ್ಲಿ, ಮಹಾರಾಷ್ಟ್ರ ರಾಜ್ಯ ಹುಟ್ಟಿದ ವರ್ಷವೇ, ನಿಪ್ಪಾಣಿಯ ಮಗ್ಗುಲಿಗೆ ಅರ್ಜುನನಗರದಲ್ಲಿ ದೇವಚಂದ ಕಾಲೇಜು ಎದ್ದಿತು. ಪೇಟೆ ಈ ರಾಜ್ಯದ್ದು, ಕಾಲೇಜು ಆ ರಾಜ್ಯದ ಕಾಗಲ ತಾಲೂಕಿನದು. ಬೆಳಿಗ್ಗೆ ಸೈಕಲ್ಲಿನ ಮೇಲೆ ಹೊರಟ ನಿಪ್ಪಾಣಿಯ ಹುಡುಗನು ಒಂದು ರಾಜ್ಯದಲ್ಲಿ ಚಹಾ ಕುಡಿದು ಇನ್ನೊಂದು ರಾಜ್ಯದಲ್ಲಿ ಹಾಜರಿ ಹೇಳುತ್ತಿದ್ದ. ಮುಂದೆ ಈಚೆಯಲ್ಲಿಯೂ ಕಾಲೇಜುಗಳಾದವು. ನಿಪ್ಪಾಣಿಯಲ್ಲಿ ಜಿ.ಐ. ಬಾಗೇವಾಡಿ, ಚಿಕ್ಕೋಡಿಯಲ್ಲಿ ಬಸವಪ್ರಭು ಕೋರೆ, ಕಾಗವಾಡದಲ್ಲಿ ಶಿವಾನಂದ ಕಾಲೇಜು. ಅಥಣಿಯಲ್ಲಿ, ೧೯೨೧ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಹೆಸರಿನಲ್ಲಿ ಒಂದು. ೨೦೧೦ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾದ ಮೇಲೆ ಧಾರವಾಡದ ದೂರವೂ ಉಳಿಯಲಿಲ್ಲ. ಹದಿನೈದು ದಿನದ ರೊಟ್ಟಿ ಕಟ್ಟಿಕೊಂಡು ಹೋಗುವ ಕಾಲ ಹೋಯಿತು. ಕಾಲೇಜೇ ಊರಿಗೆ ನಡೆದು ಬಂದಿತು.

ಇನ್ನು ನನ್ನ ಸಂಗತಿ. ನಾನು ಹುಟ್ಟಿದ್ದು ೧೯೫೬ರಲ್ಲಿ. ಪದವಿಯ ಮೊದಲ ವರ್ಷಕ್ಕೆ ಕಾಲಿಟ್ಟದ್ದು ೧೯೭೪ರ ಜೂನಿನಲ್ಲಿ. ಕಾಲೇಜಿನ ಹೆಸರು ಬೇಡ. ಅದು ಗಡಿಯ ಯಾವ ಮಗ್ಗುಲಿಗಿದ್ದಿತೆಂಬುದೂ ಬೇಡ, ಎರಡೂ ಕಡೆ ಇದು ನಡೆಯುತ್ತಿದ್ದಿತು. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದವನಿಗೆ ಅರ್ಥಶಾಸ್ತ್ರದ ಪಾಠ ಇಂಗ್ಲಿಷಿನಲ್ಲಿ ಸುರಿಯತೊಡಗಿತು. ಒಂದು ದಿನ ‘ಎಲಾಸ್ಟಿಸಿಟಿ’ ಎಂಬ ಶಬ್ದ ಬಂದಿತು. ನನಗೆ ಗೊತ್ತಿದ್ದ ಎಲಾಸ್ಟಿಕ್ಕು ಒಂದೇ: ಚಡ್ಡಿಯದು. ಚಡ್ಡಿಗೂ ಪೇಟೆಯ ಧಾರಣಿಗೂ ಏನು ಸಂಬಂಧವೆಂದು ತಿಳಿಯದೆ, ಎದ್ದು ನಿಂತು, ತಪ್ಪು ಇಂಗ್ಲಿಷಿನಲ್ಲಿ ಕೇಳಿದೆ. ಪ್ರಾಧ್ಯಾಪಕರು ನನ್ನ ವಾಕ್ಯವನ್ನು ನಾನು ಹೇಳಿದ ರಾಗದಲ್ಲಿಯೇ ಒಮ್ಮೆ ಹೇಳಿ ತೋರಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವರು ಕೆಟ್ಟವರೇನೂ ಅಲ್ಲ. ಮರುಗಳಿಗೆಯೇ ಮರೆತು ಮುಂದೆ ಹೋದರು. ನಾನು ಮರೆಯಲಿಲ್ಲ. ಮೂರು ವರ್ಷ ಆ ಕಟ್ಟಡದಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಆ ರವಿವಾರ ಮನೆಯಲ್ಲಿ ದೊಡ್ಡಪ್ಪನ ಮುಂದೆ ಕುಳಿತೆ. ದೊಡ್ಡಪ್ಪ ಅಡಕೆ ಕತ್ತರಿಸುತ್ತ ಹೇಳಿದ: “ಉಪ್ಪು ತುಟ್ಟಿ ಆದರ ಉಪ್ಪಿಲ್ಲದ ಉಣತೀಯೇನ? ಇಲ್ಲ. ಮಾವಿನಹಣ್ಣು ತುಟ್ಟಿ ಆದರ? ಮುಂದಿನ ವರ್ಷ ತಿಂದರಾತು ಅಂತೀ. ಉಪ್ಪಿನ ಗಿರಾಕಿ ಜಗ್ಗೂದಿಲ್ಲ, ಮಾವಿನ ಗಿರಾಕಿ ಜಗ್ಗತಾನ. ನಿಮ್ಮ ಇಂಗ್ಲಿಷನ್ಯಾಗ ಅದಕ್ಕೇನೋ ಉದ್ದನ್ನ ಹೆಸರ ಇಟ್ಟಾರ, ಅಷ್ಟ.” ಜಗ್ಗುವುದು! ಒಂದೇ ಶಬ್ದಕ್ಕೆ ಇಡೀ ಅಧ್ಯಾಯದ ಬೀಗ ಕಳಚಿತು. ನಾನು ಮುಂದೆ ಅರ್ಥಶಾಸ್ತ್ರದ ಮಾಸ್ತರನಾದದ್ದು ಆ ಅಡಕೊತ್ತಿನ ಮುಂದೆ.

ಈಗ ಮರಳಿ ಆ ನಲವತ್ತೊಂದು ಕಾಗದಗಳಿಗೆ ಬರೋಣ. ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ನನ್ನ ಕಾಲದ ತರಗತಿಯಲ್ಲಿ ಇದ್ದವರು ನಾಲ್ವರು, ಅವರೂ ಪೇಟೆಯವರು. ಒಬ್ಬಳು ಬರೆಯುತ್ತಾಳೆ: ೨೦೨೩ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆಯೇ ಅಪ್ಪ ಕಾಲೇಜಿಗೆ ಹೂಂ ಎಂದದ್ದು. ಇನ್ನೊಬ್ಬಳು: ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ನಿಂತರೆ ಮೊದಲನೆಯ ಪಿರಿಯಡ್ಡು ಹೋದಂತೆಯೇ. ಒಬ್ಬ ಹುಡುಗ: ೨೦೧೯ರ ಕೃಷ್ಣೆಯ ಮಹಾಪೂರದಲ್ಲಿ ಶಾಲೆಯ ಪುಸ್ತಕಗಳು ಹೋದವು, ಅಂದಿನಿಂದ ಪುಸ್ತಕ ಕೊಳ್ಳುವುದನ್ನೇ ಬಿಟ್ಟೆ, ಮೊಬೈಲಿನಲ್ಲಿ ಓದುತ್ತೇನೆ. ಮತ್ತೊಬ್ಬನ ದೂರು ಪಠ್ಯದ್ದು: ೨೦೨೧ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಏರ್ಪಾಟು ೨೦೨೪ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು, ಅಣ್ಣನ ಟಿಪ್ಪಣಿ ತಮ್ಮನಿಗೆ ಉಪಯೋಗಕ್ಕೆ ಬರಲಿಲ್ಲ.

ಇವೆಲ್ಲ ಸಣ್ಣ ಮಾತುಗಳಲ್ಲ. ಆದರೂ ನನ್ನನ್ನು ಚುಚ್ಚಿದ್ದು ಆ ಒಂದೇ ವಾಕ್ಯ. ಕಾಲೇಜು ಹತ್ತಿರ ಬಂದಿದೆ, ಹುಡುಗಿಯರು ಬಂದಿದ್ದಾರೆ, ಪಾಠವೂ ಬಹುಮಟ್ಟಿಗೆ ಕನ್ನಡದಲ್ಲಿಯೇ ಆಗುತ್ತದೆಯೆಂದು ಅವರೇ ಬರೆದಿದ್ದಾರೆ. ಆದರೂ “ಕೇಳಲಿಲ್ಲ.” ಹಾಗಾದರೆ ನನ್ನ ಬಾಯಿ ಕಟ್ಟಿದ್ದು ಇಂಗ್ಲಿಷು ಮಾತ್ರವಲ್ಲ. ಒಬ್ಬ ವಿದ್ಯಾರ್ಥಿ ಕಾರಣವನ್ನು ನೆಟ್ಟಗೆ ಬರೆದಿದ್ದಾನೆ: “ಪುಸ್ತಕದ ಕನ್ನಡ ನಮ್ಮ ಮನಿ ಕನ್ನಡ ಅಲ್ಲ. ನಾವು ಮಾತಾಡಿದರ ನಗತಾರ.” ಮರಾಠಿ ಮನೆಯಿಂದ ಬಂದ ಹುಡುಗಿಯೊಬ್ಬಳು ಅದನ್ನೇ ಇನ್ನೊಂದು ಬಗೆಯಲ್ಲಿ ಬರೆದಿದ್ದಾಳೆ. ನೂರೈವತ್ತು ವರ್ಷಗಳಲ್ಲಿ ನಾವು ಕಟ್ಟಡ ಕಟ್ಟಿದೆವು, ಗೆರೆ ಎಳೆದೆವು, ವಿಶ್ವವಿದ್ಯಾಲಯಗಳನ್ನು ಒಡೆದು ಮತ್ತೆ ಒಡೆದೆವು. ಕ್ಲಾಸಿನಲ್ಲಿ ಮನೆಯ ಮಾತಿನಲ್ಲಿ ಪ್ರಶ್ನೆ ಕೇಳಿದವನನ್ನು ನಗದೆ ಕೇಳಿಸಿಕೊಳ್ಳುವ ರೂಢಿಯನ್ನು ಮಾತ್ರ ಕಟ್ಟಲಿಲ್ಲ. ಅದಕ್ಕೆ ಅನುದಾನ ಬೇಕಾಗಿರಲಿಲ್ಲ.

ಮರುವಾರ ನಾನು ಮತ್ತೆ ಆ ಕಾಲೇಜಿಗೆ ಹೋದೆ. ಚಡ್ಡಿಯ ಎಲಾಸ್ಟಿಕ್ಕಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ನಕ್ಕರು, ಈ ಸಲ ನಾನೂ ಕೂಡಿ ನಕ್ಕೆ. ಉಪ್ಪು, ಮಾವಿನಹಣ್ಣಿನ ಪಾಠವನ್ನು ದೊಡ್ಡಪ್ಪನ ಮಾತಿನಲ್ಲಿಯೇ ಒಪ್ಪಿಸಿದೆ. “ಇನ್ನು ಕೇಳಿರಿ, ಬಾಯಿಗೆ ಬಂದ ಮಾತಿನ್ಯಾಗ ಕೇಳಿರಿ” ಎಂದೆ. ಬಹಳ ಹೊತ್ತು ಯಾರೂ ಏಳಲಿಲ್ಲ. ಫ್ಯಾನಿನ ಸದ್ದು ಮಾತ್ರ. ಕೊನೆಗೆ ಕಟ್ಟಕಡೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ನಿಪ್ಪಾಣಿಯ ಕಡೆಯವಳು.

“ಸರ, ಬೀಡಿ ತುಟ್ಟಿ ಆದರೂ ಸೇದವರು ಬಿಡೂದಿಲ್ಲ. ಅಂದರ ಬೀಡಿ ಗಿರಾಕೀನೂ ಉಪ್ಪಿನ ಗಿರಾಕಿ ಇದ್ದಂಗ, ಜಗ್ಗೂದಿಲ್ಲ. ಹೌದಿಲ್ಲರಿ? ಹಂಗಾರ ನಮ್ಮವ್ವಗ ಬೀಡಿ ಕಟ್ಟಿದ ಕೂಲಿ ಯಾಕ ಏರೂದಿಲ್ಲ?”

ಯಾರೂ ನಗಲಿಲ್ಲ. ಮೂವತ್ತೆರಡು ವರ್ಷದ ನನ್ನ ಚಾಕರಿಯಲ್ಲಿ ಇಂಥ ಪ್ರಶ್ನೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ. ಬೇಡಿಕೆಯ ಅಧ್ಯಾಯದಿಂದ ನೇರವಾಗಿ ಕೂಲಿಯ ಅಧ್ಯಾಯಕ್ಕೆ ಅವಳು ಒಂದೇ ಜಿಗಿತದಲ್ಲಿ ಬಂದು ನಿಂತಿದ್ದಳು. ಗಿರಾಕಿಯ ಹಟದಿಂದ ಬರುವ ಲಾಭ ಮಾಲೀಕನ ಕೈ ಸೇರುತ್ತದೆ. ಕೆಲಸ ಬೇಡುವ ಕೈಗಳು ಬಹಳವಿದ್ದು, ಒಂದೊಂದು ಕೈಯೂ ಒಂದೊಂದು ಮನೆಯ ಜಗಲಿಯಲ್ಲಿ ಒಂಟಿಯಾಗಿದ್ದರೆ ಕೂಲಿ ಏರುವುದಿಲ್ಲ ಎಂದೆ. ೧೯೮೦ರ ಸುಮಾರಿಗೆ ನಿಪ್ಪಾಣಿಯ ತಂಬಾಕು ವಖಾರಿಗಳ ಹೆಂಗಸರು ಸಂಘ ಕಟ್ಟಿಕೊಂಡದ್ದನ್ನು, ೧೯೮೧ರಲ್ಲಿ ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತದ್ದನ್ನು, ಪೊಲೀಸರ ಗುಂಡಿಗೆ ಪ್ರಾಣಗಳು ಹೋದದ್ದನ್ನು ಹೇಳಿದೆ. ಅವಳು ನಿಂತೇ ಕೇಳಿದಳು. ಬಳಿಕ ಎರಡನೆಯ ಪ್ರಶ್ನೆ ಬಂದಿತು, ಬೇರೆ ಬೆಂಚಿನಿಂದ. ಅದರ ಹಿಂದೆಯೇ ಮೂರನೆಯದು, ಅರ್ಧ ಮರಾಠಿಯಲ್ಲಿ.

ಗಂಟೆ ಬಾರಿಸಿತು. ಸಂಜೆಯ ಬಸ್ಸು ನಾಲ್ಕೂವರೆಗೆ ಹೊರಡುತ್ತದೆಂದು ಯಾರೋ ನೆನಪಿಸಿದರು. ಆ ದಿನ ಬಹಳ ಜನ ಅದರ ಮುಂದಿನ ಬಸ್ಸಿಗೆ ಹೋದರು.